‘ನೀರಿನ ಪರಮಾಣು’: ಅಣು, ಪರಮಾಣು ಪದಗಳ ಚರಿತ್ರೆಯ ಒಂದು ಪರಿಶೀಲನೆ

೧

‘ನೀರಿನ ಪರಮಾಣು’ ಎಂಬ ಪದಪ್ರಯೋಗ ಸರಿಯೇ, ತಪ್ಪೇ? ಪ್ರಶ್ನೆ ಸರಳವಾಗಿ ತೋರಿದರೂ ಅದಕ್ಕೆ ಒಂದೇ ಉತ್ತರವಿಲ್ಲ. ವೈಶೇಷಿಕ ದರ್ಶನದ ಗ್ರಂಥದಲ್ಲಿ ಈ ಮಾತು ಸರಿ. ಜೈನ ಸಿದ್ಧಾಂತದ ದೃಷ್ಟಿಯಲ್ಲಿ ಅದಕ್ಕೆ ಅರ್ಥವಿಲ್ಲ. ೧೮೦೮ರ ಇಂಗ್ಲಿಷ್ ರಸಾಯನಶಾಸ್ತ್ರಜ್ಞನೊಬ್ಬನ ಗ್ರಂಥವನ್ನು ಕನ್ನಡಿಸುವಾಗ ಅದನ್ನು ಬಳಸದೆ ಗತ್ಯಂತರವಿಲ್ಲ. ಇಂದಿನ ಶಾಲಾಪಠ್ಯದಲ್ಲಿ ವಿದ್ಯಾರ್ಥಿಯು ಅದನ್ನು ಬರೆದರೆ ಅಂಕ ಹೋಗುತ್ತದೆ. ಒಂದೇ ಪದಪ್ರಯೋಗವು ನಾಲ್ಕು ಪುಟಗಳಲ್ಲಿ ನಾಲ್ಕು ಬಗೆಯ ತೀರ್ಪಿಗೆ ಒಳಗಾಗುವುದಾದರೆ, ಆ ಪದದ ಹಿಂದೆ ಒಂದು ದೀರ್ಘವಾದ ಚರಿತ್ರೆ ಇರಲೇಬೇಕು. ಆ ಚರಿತ್ರೆಯನ್ನು ಸ್ಥೂಲವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ಕೇವಲ ಪಾರಿಭಾಷಿಕ ಪದಗಳ ಚರ್ಚೆಯಲ್ಲ. ವಸ್ತು ಎಂದರೇನು, ಅದರ ಗುಣಗಳು ಎಲ್ಲಿ ನೆಲೆಸಿವೆ, ವಸ್ತುವನ್ನು ಎಲ್ಲಿಯವರೆಗೆ ಭಾಗಿಸಬಹುದು ಎಂಬ ಮೂಲ ಪ್ರಶ್ನೆಗಳು ಈ ಎರಡು ಪದಗಳಲ್ಲಿ ಅಡಕವಾಗಿವೆ. ಕನ್ನಡ ನಾಡಿನ ಹೊರಗೆ ನೆಲೆಸಿ ಮರಾಠಿ, ತೆಲುಗು, ತಮಿಳು, ಹಿಂದಿಗಳ ನಡುವೆ ಕನ್ನಡದ ಕೆಲಸ ಮಾಡುತ್ತಿರುವ ನಮ್ಮಂಥವರಿಗೆ ಈ ಚರ್ಚೆಯಿಂದ ಇನ್ನೊಂದು ಪ್ರಯೋಜನವೂ ಉಂಟು. ನೆರೆಯ ಭಾಷೆಗಳು ಇದೇ ಸಂಸ್ಕೃತ ಪದಗಳನ್ನು ಎತ್ತಿಕೊಂಡು ಬೇರೆ ಬೇರೆ ಅರ್ಥಗಳಿಗೆ ಕಟ್ಟಿಕೊಂಡಿವೆ. ಅದರ ಪರಿಣಾಮವನ್ನು ಲೇಖನದ ಕೊನೆಯಲ್ಲಿ ನೋಡೋಣ.

ಮೊದಲಿಗೆ ಗಮನಿಸಬೇಕಾದ ಸಂಗತಿಯೊಂದಿದೆ. ‘ಅಣು’ ಎಂಬುದು ಮೂಲದಲ್ಲಿ ಒಂದು ಕಣದ ಹೆಸರಾಗಿರದೆ ಒಂದು ಅಳತೆಯ ಹೆಸರಾಗಿತ್ತು. ಸಣ್ಣದು, ಸೂಕ್ಷ್ಮವಾದದ್ದು ಎಂಬುದು ಅದರ ಅರ್ಥ. ಶ್ರಾವಕರ ‘ಅಣುವ್ರತ’ವು ಮುನಿಗಳ ಮಹಾವ್ರತಕ್ಕೆ ಎದುರಾಗಿ ನಿಂತಿರುವುದು ಈ ಅರ್ಥದಲ್ಲಿಯೇ. ಮಧ್ವಾಚಾರ್ಯರ ‘ಅಣುಭಾಷ್ಯ’ವೆಂದರೆ ಕಿರಿದಾದ ಭಾಷ್ಯ. ಇಂದಿಗೂ ನಾವು ‘ರೋಗಾಣು’, ‘ಅಣುಜೀವಿ’ ಎಂದು ಹೇಳುವಾಗ ಬಳಸುವುದು ಇದೇ ಹಳೆಯ ಅರ್ಥವನ್ನು. ರೋಗಾಣುವೊಂದರಲ್ಲಿ ರಸಾಯನಶಾಸ್ತ್ರದ ಅಣುಗಳು ಕೋಟಿಗಟ್ಟಲೆ ಇರುತ್ತವೆ ಎಂಬುದು ನಮಗೆ ತೊಡಕಾಗಿ ಕಾಣುವುದೇ ಇಲ್ಲ. ಹೀಗೆ ಒಂದು ವಿಶೇಷಣವು ವಸ್ತುವಿನ ಹೆಸರಾಗಿ ಮಾರ್ಪಟ್ಟ ಕಥೆಯೇ ನಮ್ಮ ಚರಿತ್ರೆಯ ಒಂದು ಎಳೆ.

೨

ಕಣಾದನ ಹೆಸರಿನಲ್ಲಿರುವ ವೈಶೇಷಿಕ ಸೂತ್ರಗಳು ಹಾಗೂ ಪ್ರಶಸ್ತಪಾದನ ಪದಾರ್ಥಧರ್ಮಸಂಗ್ರಹದಿಂದ ಬೆಳೆದುಬಂದ ಪರಂಪರೆಯಲ್ಲಿ ದ್ರವ್ಯಗಳು ಒಂಬತ್ತು. ಅವುಗಳಲ್ಲಿ ಪೃಥಿವಿ, ಅಪ್, ತೇಜಸ್ಸು, ವಾಯು ಎಂಬ ನಾಲ್ಕಕ್ಕೆ ಮಾತ್ರ ಪರಮಾಣುಗಳುಂಟು. ಪರಮಾಣುವು ನಿತ್ಯವಾದದ್ದು, ಅವಯವಗಳಿಲ್ಲದ್ದು. ಎರಡು ಪರಮಾಣುಗಳು ಕೂಡಿದರೆ ದ್ವ್ಯಣುಕ. ಮೂರು ದ್ವ್ಯಣುಕಗಳು ಕೂಡಿದರೆ ತ್ರ್ಯಣುಕ. ಗವಾಕ್ಷಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ತೇಲಾಡುವ ಧೂಳಿನ ಕಣವೇ ಕಣ್ಣಿಗೆ ಕಾಣುವ ಕನಿಷ್ಠ ವಸ್ತು. ಅದೇ ತ್ರಸರೇಣು, ಅಂದರೆ ತ್ರ್ಯಣುಕ. ಕಾಣುವ ಆ ಕಣಕ್ಕೆ ಅವಯವಗಳಿರಲೇಬೇಕು, ಆ ಅವಯವಗಳಿಗೂ ಅವಯವಗಳಿರಬೇಕು, ಆದರೆ ಈ ವಿಭಾಗ ಎಲ್ಲಿಯೋ ಒಂದು ಕಡೆ ನಿಲ್ಲದಿದ್ದರೆ ಸಾಸಿವೆಗೂ ಮೇರುಪರ್ವತಕ್ಕೂ ಅಳತೆಯಲ್ಲಿ ವ್ಯತ್ಯಾಸ ಹೇಳಲು ಆಧಾರವಿರುವುದಿಲ್ಲ ಎಂಬುದು ಅವರ ತರ್ಕ.

ಈ ವ್ಯವಸ್ಥೆಯಲ್ಲಿ ನೀರು ಒಂದು ಮೂಲದ್ರವ್ಯ. ಆದುದರಿಂದ ‘ನೀರಿನ ಪರಮಾಣು’ ಎಂಬುದು ಇಲ್ಲಿ ನಿರ್ದುಷ್ಟವಾದ ಮಾತು. ಒಂದು ವಸ್ತು ಯಾವ ದ್ರವ್ಯಕ್ಕೆ ಸೇರಿದ್ದು ಎಂಬುದನ್ನು ನಿರ್ಧರಿಸುವುದು ಅದರ ಗುಣಗಳಿಂದ. ಗಂಧವಿದ್ದರೆ ಪೃಥಿವಿ, ಶೀತಸ್ಪರ್ಶವೂ ಸ್ನೇಹವೂ ಸಹಜವಾದ ದ್ರವತ್ವವೂ ಇದ್ದರೆ ಅಪ್, ಉಷ್ಣಸ್ಪರ್ಶವಿದ್ದರೆ ತೇಜಸ್ಸು. ತುಪ್ಪವೂ ಅರಗೂ ಕಾಯಿಸಿದಾಗ ಕರಗುತ್ತವೆ. ಆದರೆ ಆ ದ್ರವತ್ವ ನೈಮಿತ್ತಿಕವಾದುದರಿಂದ ಅವು ಪಾರ್ಥಿವ. ಚಿನ್ನವನ್ನು ಎಷ್ಟು ಕಾಯಿಸಿದರೂ ಅದರ ದ್ರವತ್ವ ನಾಶವಾಗದು. ಆದುದರಿಂದ ಚಿನ್ನವು ತೈಜಸ. ನಿರ್ಣಯ ಇಂದು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ವಿಧಾನ ಸ್ಪಷ್ಟವಾಗಿದೆ: ಕಾಯಿಸು, ನೋಡು, ಮುಟ್ಟು, ಮೂಸು, ಗುಣದಿಂದ ಗುಣಿಯನ್ನು ಊಹಿಸು.

ಗುಣ ಬದಲಾಗುವುದಾದರೂ ಎಲ್ಲಿ ಎಂಬ ಪ್ರಶ್ನೆಯನ್ನೂ ಅವರು ಎದುರಿಸಿದರು. ಕಪ್ಪಾದ ಹಸಿ ಮಡಕೆಯನ್ನು ಆವಿಗೆಯಲ್ಲಿ ಸುಟ್ಟರೆ ಕೆಂಪಾಗುತ್ತದೆ. ಕೆಂಪಾದದ್ದು ಮಡಕೆಯೋ, ಪರಮಾಣುವೋ? ಮಡಕೆಯು ಪರಮಾಣುಗಳಾಗಿ ಬಿಡಿಹೋಗಿ, ಒಂದೊಂದು ಪರಮಾಣುವಿನ ಬಣ್ಣವೂ ಬದಲಾಗಿ, ಮತ್ತೆ ದ್ವ್ಯಣುಕಾದಿ ಕ್ರಮದಿಂದ ಮಡಕೆಯಾಗುತ್ತದೆ ಎಂದು ವೈಶೇಷಿಕರ ಪೀಲುಪಾಕವಾದ. ಮಡಕೆ ಮಡಕೆಯಾಗಿಯೇ ಇರುತ್ತದೆ, ಅದರ ರಂಧ್ರಗಳಲ್ಲಿ ಹೊಕ್ಕ ತೇಜಸ್ಸು ಇಡೀ ಅವಯವಿಯ ಬಣ್ಣವನ್ನು ಬದಲಿಸುತ್ತದೆ ಎಂದು ನೈಯಾಯಿಕರ ಪಿಠರಪಾಕವಾದ. ವಸ್ತುವಿನ ಗುಣ ಕಣದಲ್ಲಿದೆಯೇ, ಸಮುದಾಯದಲ್ಲಿದೆಯೇ ಎಂಬ ಈ ವಿವಾದ ಮುಂದೆ ಬೇರೊಂದು ವೇಷದಲ್ಲಿ ನಮಗೆ ಮತ್ತೆ ಎದುರಾಗಲಿದೆ. ಆದರೆ ಈ ವಿವಾದದಲ್ಲಿ ಯಾವ ಪಕ್ಷದವರೂ ಮಡಕೆಯನ್ನು ಸುಡುವ ಮೊದಲು ಮತ್ತು ಸುಟ್ಟ ಮೇಲೆ ತೂಗಿದ ಫಲಿತಾಂಶವನ್ನು ತಮ್ಮ ವಾದಕ್ಕೆ ಆಧಾರವಾಗಿಸಲಿಲ್ಲ. ತಕ್ಕಡಿ ಅಕ್ಕಸಾಲೆಯ ಅಂಗಡಿಯಲ್ಲಿತ್ತು, ವೈದ್ಯನ ಮನೆಯಲ್ಲಿತ್ತು. ಪರಮಾಣುವಾದದ ಅಂಗಳಕ್ಕೆ ಅದು ಸಾಕ್ಷಿಯಾಗಿ ಬರಲಿಲ್ಲ.

೩

ಜೈನ ಸಿದ್ಧಾಂತದ ಮಾರ್ಗ ಬೇರೆ. ಕರ್ನಾಟಕದ ಜೈನ ವಿದ್ವತ್‌ಪರಂಪರೆಗೆ ಅತ್ಯಂತ ಪರಿಚಿತವಾದ ತತ್ತ್ವಾರ್ಥಸೂತ್ರವೂ ಅದಕ್ಕೆ ಪೂಜ್ಯಪಾದರು ಬರೆದ ಸರ್ವಾರ್ಥಸಿದ್ಧಿಯೂ ಪುದ್ಗಲವನ್ನು ಅಣು ಮತ್ತು ಸ್ಕಂಧ ಎಂದು ಎರಡಾಗಿ ವಿಂಗಡಿಸುತ್ತವೆ. ಇಲ್ಲಿ ಅಣುವೆಂದರೆ ಪರಮಾಣುವೇ. ಕೂಡಿಬಂದ ಗುಂಪು ಸ್ಕಂಧ. ಪರಮಾಣುಗಳಲ್ಲಿ ಮಣ್ಣಿನದು, ನೀರಿನದು ಎಂಬ ಜಾತಿಭೇದವಿಲ್ಲ. ಎಲ್ಲ ಪರಮಾಣುಗಳಿಗೂ ಬಣ್ಣ, ರುಚಿ, ವಾಸನೆ, ಸ್ಪರ್ಶಗಳುಂಟು. ಅವುಗಳ ಪರಿಣಾಮ ಭೇದದಿಂದ ಪೃಥಿವಿ, ಜಲಾದಿಗಳು ಏರ್ಪಡುತ್ತವೆ. ಆದುದರಿಂದ ‘ನೀರಿನ ಪರಮಾಣು’ ಎಂದು ಪ್ರತ್ಯೇಕವಾದದ್ದೊಂದು ಇಲ್ಲಿ ಇಲ್ಲ.

ಪರಮಾಣುಗಳು ಏಕೆ ಕೂಡುತ್ತವೆ ಎಂಬ ಪ್ರಶ್ನೆಗೆ ಜೈನರು ಕೊಟ್ಟ ಉತ್ತರ ಗಮನಾರ್ಹ. ಸ್ನಿಗ್ಧತೆ ಮತ್ತು ರೂಕ್ಷತೆಗಳೇ ಬಂಧಕ್ಕೆ ಕಾರಣ. ಅವುಗಳಿಗೆ ಅಂಶಗಳ ಲೆಕ್ಕವಿದೆ. ಕನಿಷ್ಠ ಅಂಶದವು ಕೂಡಲಾರವು. ದಿಗಂಬರ ವ್ಯಾಖ್ಯಾನದಂತೆ ಎರಡು ಅಂಶಗಳ ವ್ಯತ್ಯಾಸವಿರುವವು ಕೂಡುತ್ತವೆ. ಅಂಶಗಳನ್ನು ಎಣಿಸುವ ಈ ನಿಯಮವು ಗಣಿತಕ್ಕೆ ಹತ್ತಿರವಾದದ್ದು ನಿಜ. ಆದರೆ ಒಂದು ವಸ್ತುವಿನ ಸ್ನಿಗ್ಧಾಂಶ ಎಷ್ಟೆಂದು ಪ್ರಯೋಗದಿಂದ ಅಳೆಯುವ ಕ್ರಮ ಅಲ್ಲಿ ಇರಲಿಲ್ಲ.

ಹೀಗೆ ‘ಅಣು’ವಿಗೆ ವೈಶೇಷಿಕರಲ್ಲಿ ಪರಿಮಾಣವೆಂಬ ಅರ್ಥ, ಅವರ ದ್ವ್ಯಣುಕವೂ ಅಣುಪರಿಮಾಣದ್ದೇ. ಜೈನರಲ್ಲಿ ಅದು ಪರಮಾಣುವಿನ ಪರ್ಯಾಯಪದ. ಅಣುವೆಂದರೆ ಹಲವು ಪರಮಾಣುಗಳು ಸೇರಿದ ಕೂಟ ಎಂಬ ಇಂದಿನ ಪಠ್ಯಪುಸ್ತಕದ ಅರ್ಥ ಈ ಎರಡು ಪರಂಪರೆಗಳಲ್ಲಿಯೂ ಪಾರಿಭಾಷಿಕವಾಗಿ ನೆಲೆಗೊಂಡಿರಲಿಲ್ಲ. ಆ ಅರ್ಥದ ಮೂಲವನ್ನು ಹುಡುಕಲು ನಾವು ಯೂರೋಪಿನ ಹದಿನೆಂಟನೆಯ ಶತಮಾನದ ಕೊನೆಗೆ ಹೋಗಬೇಕು.

೪

ಅರಿಸ್ಟಾಟಲನ ಕಾಲದಿಂದ ಯೂರೋಪಿನಲ್ಲಿಯೂ ನೀರು ಮೂಲವಸ್ತುವೆಂದೇ ಎಣಿಕೆಯಾಗಿತ್ತು. ಆ ನಂಬಿಕೆ ಮುರಿದದ್ದು ೧೭೮೩ರಲ್ಲಿ. ಆಗ ಜಲಜನಕವನ್ನು ಆಮ್ಲಜನಕದಲ್ಲಿ ಉರಿಸಿ ನೀರನ್ನು ಪಡೆದ ಪ್ಯಾರಿಸಿನ ಲವಾಸಿಯೆ, ನೀರು ಮೂಲವಸ್ತುವಲ್ಲವೆಂದು ಸಾರಿದನು. ಮುಂದೆ ಕೆಂಪಗೆ ಕಾಯಿಸಿದ ಕಬ್ಬಿಣದ ಕೊಳವೆಯಲ್ಲಿ ನೀರಿನ ಆವಿಯನ್ನು ಹಾಯಿಸಿದಾಗ, ಕಬ್ಬಿಣವು ಆಮ್ಲಜನಕವನ್ನು ಹಿಡಿದುಕೊಂಡು ಭಾರವಾಯಿತು, ಜಲಜನಕ ಹೊರಬಂತು. ಕೂಡಿಸಿದಾಗಲೂ ಬಿಡಿಸಿದಾಗಲೂ ತೂಕದ ಲೆಕ್ಕ ಸರಿಹೋಗಬೇಕೆಂಬುದು ಅವನ ಹಟ. ೧೭೮೯ರ ತನ್ನ ಗ್ರಂಥದಲ್ಲಿ ಅವನು ಮೂಲವಸ್ತುವಿಗೆ ಹೊಸ ಲಕ್ಷಣವನ್ನು ಕೊಟ್ಟನು: ನಮ್ಮ ವಿಶ್ಲೇಷಣೆ ತಲುಪುವ ಕೊನೆಯ ಘಟ್ಟವೇ ಮೂಲವಸ್ತು. ಇಂದು ಮೂಲವೆಂದು ಕಂಡದ್ದು ನಾಳೆ ಒಡೆಯಬಹುದು. ಅವನ ಪಟ್ಟಿಯ ೩೩ ಮೂಲವಸ್ತುಗಳಲ್ಲಿ ಬೆಳಕೂ ಶಾಖವೂ ಸೇರಿದ್ದವು. ಅವು ಮುಂದೆ ಬಿದ್ದುಹೋದವು. ಆದರೆ ಲಕ್ಷಣ ಉಳಿಯಿತು.

ಇಲ್ಲಿ ಆದ ಪಲ್ಲಟವನ್ನು ನಾವು ಸರಿಯಾಗಿ ಗುರುತಿಸಬೇಕು. ‘ಈ ವಸ್ತುವಿನ ಗುಣವೇನು’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಈ ವಸ್ತುವಿನ ಎಷ್ಟು ತೂಕ ಎಲ್ಲಿಗೆ ಹೋಯಿತು’ ಎಂಬ ಪ್ರಶ್ನೆ ಬಂದಿತು. ಪರಮಾಣುವಿಗೂ ತೂಕವನ್ನು ಕೇಳಿದವನು ಮ್ಯಾಂಚೆಸ್ಟರಿನ ಉಪಾಧ್ಯಾಯ ಜಾನ್ ಡಾಲ್ಟನ್. ೧೮೦೩ರಲ್ಲಿ ಅಲ್ಲಿಯ ವಿದ್ವತ್‌ಸಭೆಯ ಮುಂದೆ ತನ್ನ ವಿಚಾರಗಳನ್ನು ಓದಿದ ಅವನು, ೧೮೦೮ರಲ್ಲಿ ಅವನ್ನು ಗ್ರಂಥರೂಪದಲ್ಲಿ ವಿಸ್ತರಿಸಿದನು. ಒಂದೊಂದು ಮೂಲವಸ್ತುವಿಗೂ ತನ್ನದೇ ಜಾತಿಯ ಪರಮಾಣು. ಆ ಜಾತಿಯನ್ನು ಗುರುತಿಸುವುದು ಬಣ್ಣದಿಂದಲ್ಲ, ರುಚಿಯಿಂದಲ್ಲ, ಸಾಪೇಕ್ಷ ತೂಕದಿಂದ.

ತೂಕವನ್ನು ಲೆಕ್ಕ ಹಾಕಲು ಮಾತ್ರ ಒಂದು ಅಡಚಣೆ ಇತ್ತು. ನೀರಿನಲ್ಲಿ ಜಲಜನಕ ೧ ಪಾಲಿದ್ದರೆ ಆಮ್ಲಜನಕ ಎಷ್ಟು ಪಾಲೆಂದು ತಕ್ಕಡಿ ಹೇಳುತ್ತದೆ. ಡಾಲ್ಟನ್ನನ ಅಂದಿನ ಲೆಕ್ಕದಲ್ಲಿ ೭, ನಿಖರವಾಗಿ ಅಳೆದರೆ ಸುಮಾರು ೮. ಆದರೆ ನೀರಿನ ಒಂದು ಕಣದಲ್ಲಿ ಜಲಜನಕದ ಪರಮಾಣು ಎಷ್ಟು, ಆಮ್ಲಜನಕದ್ದು ಎಷ್ಟು ಎಂದು ಅದು ಹೇಳದು. ಎರಡು ಮೂಲವಸ್ತುಗಳ ಒಂದೇ ಒಂದು ಸಂಯುಕ್ತ ಗೊತ್ತಿದ್ದಲ್ಲಿ ಒಂದಕ್ಕೆ ಒಂದು ಎಂದು ಭಾವಿಸೋಣ ಎಂದು ಡಾಲ್ಟನ್ ಸರಳತೆಯ ನಿಯಮವೊಂದನ್ನು ಮಾಡಿಕೊಂಡನು. ಹೀಗೆ ನೀರಿನ ಕಣವೆಂದರೆ ಒಂದು ಜಲಜನಕ ಮತ್ತು ಒಂದು ಆಮ್ಲಜನಕ. ಅದರ ತೂಕ ೮. ಆ ಕಣವನ್ನೂ ಅವನು ಪರಮಾಣುವೆಂದೇ ಕರೆದನು. ಅದು ಸಂಯುಕ್ತ ಪರಮಾಣು. ಈ ಕಾರಣದಿಂದ ಡಾಲ್ಟನ್ನನನ್ನು ಕನ್ನಡಿಸುವವರು ‘ನೀರಿನ ಪರಮಾಣು’ ಎಂದೇ ಬರೆಯಬೇಕು. ಅದನ್ನು ‘ಅಣು’ ಎಂದು ತಿದ್ದಿದರೆ ಚರಿತ್ರೆಯನ್ನೇ ತಿದ್ದಿದಂತಾಗುತ್ತದೆ.

೫

ತೂಕದ ಪಕ್ಕದಲ್ಲಿ ಘನಗಾತ್ರವೂ ಸಾಕ್ಷಿ ಹೇಳತೊಡಗಿದಾಗ ತೊಡಕು ಆರಂಭವಾಯಿತು. ೧೮೦೮ರ ಕೊನೆಯಲ್ಲಿ ಗೇ-ಲುಸಾಕ್ ಎಂಬ ಫ್ರೆಂಚ್ ವಿಜ್ಞಾನಿ, ಅನಿಲಗಳು ಸರಳವಾದ ಘನಗಾತ್ರದ ಅನುಪಾತಗಳಲ್ಲಿ ಕೂಡುತ್ತವೆಂದು ತೋರಿಸಿದನು. ಎರಡು ಪಾಲು ಜಲಜನಕ ಮತ್ತು ಒಂದು ಪಾಲು ಆಮ್ಲಜನಕ ಕೂಡಿದರೆ ಎರಡು ಪಾಲು ನೀರಿನ ಆವಿ ಬರುತ್ತದೆ. ಸಮಾನ ಘನಗಾತ್ರಗಳಲ್ಲಿ ಸಮಾನ ಸಂಖ್ಯೆಯ ಕಣಗಳಿವೆ ಎಂದಾದರೆ, ಆಮ್ಲಜನಕದ ಒಂದು ಕಣದಿಂದ ನೀರಿನ ಎರಡು ಕಣಗಳಾಗಬೇಕು. ಅಂದರೆ ಆಮ್ಲಜನಕದ ಕಣ ಎರಡಾಗಿ ಒಡೆಯಬೇಕು. ಒಡೆಯದ್ದೇ ಪರಮಾಣುವಲ್ಲವೇ? ಡಾಲ್ಟನ್ ಗೇ-ಲುಸಾಕನ ಅಳತೆಗಳನ್ನೇ ಸಂದೇಹಿಸಿದನು.

ಗಂಟನ್ನು ಬಿಡಿಸುವ ದಾರಿಯನ್ನು ೧೮೧೧ರಲ್ಲಿ ಇಟಲಿಯ ಆವೊಗಾಡ್ರೊ ತೋರಿಸಿದನು. ಒಡೆಯುವುದು ಕೊನೆಯ ಕಣವಲ್ಲ. ಅನಿಲದಲ್ಲಿ ಸ್ವತಂತ್ರವಾಗಿ ಸಂಚರಿಸುವ ಕಣವೇ ಒಂದು ಜೋಡಿ, ಅದು ಒಡೆದು ಎರಡಾಗುತ್ತದೆ. ಸಮಾನ ಘನಗಾತ್ರಗಳಲ್ಲಿ ಸಮಾನ ಸಂಖ್ಯೆಯಲ್ಲಿರುವುದು ಈ ಜೋಡಿಗಳು. ಈ ಲೆಕ್ಕದಲ್ಲಿ ನೀರಿನ ಕಣಕ್ಕೆ ಎರಡು ಜಲಜನಕ, ಒಂದು ಆಮ್ಲಜನಕ. ಆಮ್ಲಜನಕದ ತೂಕ ೮ರ ಬದಲು ೧೬ರ ಆಸುಪಾಸು.

ಉತ್ತರ ಸರಿಯಾಗಿತ್ತು. ಆದರೆ ಅದು ಅರ್ಧ ಶತಮಾನ ಮೂಲೆಗುಂಪಾಯಿತು. ಇದಕ್ಕೆ ಹಲವು ಕಾರಣಗಳಿವೆ. ವಿರುದ್ಧ ವಿದ್ಯುತ್ತಿನ ಆಕರ್ಷಣೆಯಿಂದಲೇ ಸಂಯೋಗವಾಗುತ್ತದೆಂದು ಕಲಿಸುತ್ತಿದ್ದ ಸ್ವೀಡನ್ನಿನ ಬರ್ಜೀಲಿಯಸ್‌ನ ಪ್ರಭಾವ ಪ್ರಬಲವಾಗಿತ್ತು. ಅವನ ಮತದಲ್ಲಿ ಒಂದೇ ಜಾತಿಯ ಎರಡು ಪರಮಾಣುಗಳು ಜೋಡಿಯಾಗಲು ಕಾರಣವೇ ಇರಲಿಲ್ಲ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದ ಕಾರಣ ಭಾಷೆಯದು. ಆವೊಗಾಡ್ರೊ ‘ಆಟಮ್’ ಎಂಬ ಪದವನ್ನು ಬಳಸಲೇ ಇಲ್ಲ. ‘ಸಣ್ಣ ರಾಶಿ’ ಎಂಬ ಅರ್ಥದ ‘ಮೊಲೆಕ್ಯೂಲ್’ ಎಂಬ ಒಂದೇ ಪದಕ್ಕೆ ಬೇರೆ ಬೇರೆ ವಿಶೇಷಣಗಳನ್ನು ಹಚ್ಚಿ ಎರಡು ಬಗೆಯ ಕಣಗಳನ್ನೂ ಸೂಚಿಸಿದನು. ಡಾಲ್ಟನ್ನನಿಗೆ ಎಲ್ಲವೂ ಆಟಮ್, ಆವೊಗಾಡ್ರೊನಿಗೆ ಎಲ್ಲವೂ ಮೊಲೆಕ್ಯೂಲ್. ಓದುಗರಿಗೆ ಮಾತ್ರ ಎರಡು ಪದಗಳಿದ್ದೂ ಅವುಗಳ ನಡುವೆ ಗೆರೆ ಇಲ್ಲದಂತಾಯಿತು.

ಗೆರೆ ಇಲ್ಲದ ಫಲವನ್ನು ಉಂಡವನು ಪ್ಯಾರಿಸಿನ ಡ್ಯೂಮಾ. ೧೮೨೬ರಿಂದ ಅವನು ಹಲವು ವಸ್ತುಗಳನ್ನು ಆವಿಯಾಗಿಸಿ ಸಾಂದ್ರತೆಯನ್ನು ಅಳೆದು ಪರಮಾಣು ತೂಕಗಳನ್ನು ಪಡೆಯಲು ಹೊರಟನು. ನಿರೀಕ್ಷಿಸಿದ್ದಕ್ಕಿಂತ ಪಾದರಸದ್ದು ಅರ್ಧವಾಯಿತು, ರಂಜಕದ್ದು ಇಮ್ಮಡಿಯಾಯಿತು, ಗಂಧಕದ್ದು ಮುಮ್ಮಡಿಯಾಯಿತು. ಅಳತೆಯಲ್ಲಿ ದೋಷವಿರಲಿಲ್ಲ. ಪಾದರಸದ ಆವಿಯಲ್ಲಿ ಪರಮಾಣುಗಳು ಒಂಟಿ, ರಂಜಕದಲ್ಲಿ ನಾಲ್ಕರ ಗುಂಪು, ಆ ಉಷ್ಣತೆಯ ಗಂಧಕದಲ್ಲಿ ಬಹುಮಟ್ಟಿಗೆ ಆರರ ಗುಂಪು ಎಂಬುದು ಇಂದು ನಮಗೆ ತಿಳಿದಿದೆ. ಡ್ಯೂಮಾ ತೂಗಿದ್ದು ಅಣುವನ್ನು, ಬರೆದುಕೊಂಡದ್ದು ಪರಮಾಣುವೆಂದು. ಬೇಸತ್ತ ಅವನು, ತನ್ನ ಕೈಯಲ್ಲಿ ಅಧಿಕಾರವಿದ್ದರೆ ಆಟಮ್ ಎಂಬ ಪದವನ್ನೇ ವಿಜ್ಞಾನದಿಂದ ಅಳಿಸಿಹಾಕುವೆನೆಂಬ ಅರ್ಥದ ಮಾತನ್ನು ೧೮೩೬ರ ಉಪನ್ಯಾಸಗಳಲ್ಲಿ ಹೇಳಿದನು.

ಹಲವರು ಪರಮಾಣುವಿನ ಗೊಡವೆಯನ್ನೇ ಬಿಟ್ಟು ಸಮತುಲ್ಯ ತೂಕಗಳನ್ನು ಹಿಡಿದರು. ಒಬ್ಬನ ಪುಸ್ತಕದಲ್ಲಿ ಆಮ್ಲಜನಕ ೮, ಇಂಗಾಲ ೬. ಇನ್ನೊಬ್ಬನ ಪುಸ್ತಕದಲ್ಲಿ ೧೬, ೧೨. ವಿನೆಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲವೊಂದಕ್ಕೇ ಬಳಕೆಯಲ್ಲಿದ್ದ ೧೯ ಸೂತ್ರಗಳನ್ನು ಜರ್ಮನಿಯ ಕೆಕುಲೆ ೧೮೬೧ರ ತನ್ನ ಪಠ್ಯಗ್ರಂಥದಲ್ಲಿ ಪಟ್ಟಿಮಾಡಿ ತೋರಿಸಿದನು. ವಸ್ತು ಒಂದೇ, ತಕ್ಕಡಿ ಒಂದೇ. ಪದಗಳ ಅರ್ಥ ಮಾತ್ರ ಒಂದಾಗಿರಲಿಲ್ಲ.

೬

ಈ ಗೊಂದಲವನ್ನು ನಿವಾರಿಸಲು ಕೆಕುಲೆ, ವುರ್ಟ್ಸ್ ಮತ್ತು ವೆಲ್ಟ್‌ಸೀನ್ ಎಂಬ ಮೂವರು ೧೮೬೦ರ ಸೆಪ್ಟೆಂಬರ್ ೩ರಿಂದ ೫ರವರೆಗೆ ಜರ್ಮನಿಯ ಕಾರ್ಲ್ಸ್‌ರೂಹ ನಗರದಲ್ಲಿ ಸಮ್ಮೇಳನವನ್ನು ಕರೆದರು. ಯೂರೋಪಿನ ನಾನಾ ದೇಶಗಳಿಂದ ನೂರಕ್ಕೂ ಹೆಚ್ಚು ರಸಾಯನಶಾಸ್ತ್ರಜ್ಞರು ಸೇರಿದರು. ಅದು ರಸಾಯನಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ. ಅಲ್ಲಿ ಮೊದಲು ಚರ್ಚೆಗೆ ಬಂದದ್ದು ಹೊಸ ಪ್ರಯೋಗವಲ್ಲ, ಹೊಸ ವಸ್ತುವಲ್ಲ. ಆಟಮ್ ಮತ್ತು ಮೊಲೆಕ್ಯೂಲ್ ಪದಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸಬೇಕೆ ಎಂಬ ಪ್ರಶ್ನೆ. ರಾಸಾಯನಿಕ ಕ್ರಿಯೆಯಲ್ಲಿ ಪಾಲ್ಗೊಳ್ಳುವ, ಭೌತಿಕ ಗುಣಗಳನ್ನು ನಿರ್ಧರಿಸುವ ಅತ್ಯಲ್ಪ ಪ್ರಮಾಣವೇ ಮೊಲೆಕ್ಯೂಲ್. ಸಂಯುಕ್ತಗಳ ಮೊಲೆಕ್ಯೂಲುಗಳಲ್ಲಿ ಅಡಗಿರುವ ಮೂಲವಸ್ತುವಿನ ಅತ್ಯಲ್ಪ ಪ್ರಮಾಣವೇ ಆಟಮ್ ಎಂಬ ಆಶಯದ ನಿರೂಪಣೆಯನ್ನು ಸಮಿತಿಯು ಸಭೆಯ ಮುಂದಿಟ್ಟಿತು.

ಗೆರೆಯನ್ನು ಎಳೆದರೆ ಸಾಲದು, ಅದನ್ನು ಕಾಣುವ ವಿಧಾನವೂ ಬೇಕು. ಅದನ್ನು ಒದಗಿಸಿದವನು ಇಟಲಿಯ ಕ್ಯಾನಿಜಾರೊ. ತನ್ನ ಬೋಧನಕ್ರಮವನ್ನು ವಿವರಿಸಿ ಅವನು ಬರೆದ ಲೇಖನ ೧೮೫೮ರಲ್ಲಿ ಪ್ರಕಟವಾಗಿತ್ತು. ಅವನ ವಿಧಾನವನ್ನು ಆಮ್ಲಜನಕದ ಉದಾಹರಣೆಯಿಂದ, ಇಂದಿನ ಸಂಖ್ಯೆಗಳಲ್ಲಿ, ಹೀಗೆ ವಿವರಿಸಬಹುದು. ಜಲಜನಕದ ಅಣುವಿನ ತೂಕವನ್ನು ೨ ಎಂದು ಇಟ್ಟುಕೊಂಡು, ಆವಿಯ ಸಾಂದ್ರತೆಯಿಂದ ಬೇರೆ ಅಣುಗಳ ತೂಕವನ್ನು ಪಡೆಯಬೇಕು. ನೀರು ೧೮, ಅದರಲ್ಲಿ ಆಮ್ಲಜನಕ ೧೬. ಇಂಗಾಲದ ಮೊನಾಕ್ಸೈಡ್ ೨೮. ಅದರಲ್ಲಿ ಆಮ್ಲಜನಕ ೧೬. ಇಂಗಾಲದ ಡೈಆಕ್ಸೈಡ್ ೪೪, ಅದರಲ್ಲಿ ೩೨. ಆಮ್ಲಜನಕದ ಅನಿಲ ೩೨, ಅದರಲ್ಲಿ ೩೨. ಆಮ್ಲಜನಕದ ಪಾಲು ಎಲ್ಲಿಯೂ ೧೬ಕ್ಕೆ ಕಡಿಮೆ ಇಲ್ಲ, ಎಲ್ಲಿಯೂ ೧೬ರ ಗುಣಕವೇ. ಅಂದ ಮೇಲೆ ೧೬ ಪರಮಾಣುವಿನ ತೂಕ, ೩೨ ಅಣುವಿನ ತೂಕ. ಆವೊಗಾಡ್ರೊನ ಊಹೆಗೆ ತಕ್ಕಡಿಯೇ ಸಾಕ್ಷಿ ಹೇಳಿತು.

ಸಮ್ಮೇಳನ ಪರಮಾಣು ತೂಕಗಳ ಒಮ್ಮತದ ಪಟ್ಟಿಯಿಲ್ಲದೆ ಮುಗಿಯಿತು. ಆದರೆ ಕ್ಯಾನಿಜಾರೊನ ಲೇಖನದ ಪ್ರತಿಗಳನ್ನು ಅವನ ಸ್ನೇಹಿತ ಪಾವೇಸಿ ಹಂಚಿದ್ದನು. ಅದನ್ನು ಓದಿದಾಗ ಕಣ್ಣಿನ ಪೊರೆ ಕಳಚಿದಂತಾಯಿತೆಂಬ ಅರ್ಥದಲ್ಲಿ ಲೋಥಾರ್ ಮೇಯರ್ ಮುಂದೆ ಸ್ಮರಿಸಿಕೊಂಡಿದ್ದಾನೆ. ಸಭೆಯಲ್ಲಿದ್ದ ಇನ್ನೊಬ್ಬ ತರುಣ ರಷ್ಯದ ಮೆಂಡಲೀವ್. ಮೂಲವಸ್ತುಗಳನ್ನು ತೂಕದ ಕ್ರಮದಲ್ಲಿ ಜೋಡಿಸಿ, ಗುಣಗಳು ಆವರ್ತಿಸುವುದನ್ನು ಅವನು ಕಂಡದ್ದು ೧೮೬೯ರಲ್ಲಿ. ಒಂದು ಗುಂಪಿನ ಪುಸ್ತಕದಲ್ಲಿ ಇಂಗಾಲ ೬, ಇನ್ನೊಂದರಲ್ಲಿ ೧೨ ಎಂದಿದ್ದರೆ ಆ ಕೋಷ್ಟಕವನ್ನು ರಚಿಸುವುದು ಸಾಧ್ಯವಿರಲಿಲ್ಲ. ಗುಣದಿಂದ ತೂಕಕ್ಕೆ ಹೊರಳಿದ ಶಾಸ್ತ್ರವು ತೂಕದ ಮಾರ್ಗವಾಗಿ ಮತ್ತೆ ಗುಣಕ್ಕೆ ಬಂದು ತಲುಪಿತು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ೧೮೯೭ರಲ್ಲಿ ಥಾಮ್ಸನ್ನನ ಪ್ರಯೋಗಗಳು ಪರಮಾಣುವಿಗೂ ಒಳಗಿದೆ ಎಂದು ತೋರಿಸಿದವು. ೧೯೦೮ರಿಂದ ಪೆರಿನ್ ಹಲವು ಸ್ವತಂತ್ರ ಮಾರ್ಗಗಳಿಂದ ಅಣುಗಳನ್ನು ಎಣಿಸಿ, ಅವು ಬರಿಯ ಲೆಕ್ಕದ ಸಾಧನವಲ್ಲವೆಂದು ಸಂಶಯವಾದಿಗಳನ್ನು ಒಪ್ಪಿಸಿದನು. ೧೯೧೩ರಲ್ಲಿ ಕ್ಷಕಿರಣಗಳಿಂದ ಉಪ್ಪಿನ ಹರಳನ್ನು ಪರೀಕ್ಷಿಸಿದ ಬ್ರ್ಯಾಗ್, ಅದರಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಪರ್ಯಾಯವಾಗಿ ಹೆಣೆದುಕೊಂಡಿವೆ, ಪ್ರತ್ಯೇಕ ಜೋಡಿಗಳಿಲ್ಲ ಎಂಬುದನ್ನು ಕಂಡನು. ಹಾಗಾಗಿ ಅಡುಗೆಮನೆಯ ಹರಳಿನ ಬಗೆಗೆ ‘ಉಪ್ಪಿನ ಅಣು’ ಎಂಬ ಮಾತೂ ನಿಲ್ಲುವುದಿಲ್ಲ. ನೀರಿಗೆ ಅಣುವುಂಟು, ಆದರೆ ಹರಿಯುವಿಕೆ, ತೇವ, ಕುದಿಯುವ ಬಿಂದು ಇವು ಅಣುಗಳ ಸಮುದಾಯಕ್ಕೆ ಸೇರಿದ ಗುಣಗಳು, ಒಂಟಿ ಅಣುವಿಗಲ್ಲ. ಗುಣ ಕಣದಲ್ಲಿದೆಯೇ, ಸಮುದಾಯದಲ್ಲಿದೆಯೇ ಎಂಬ ಮಡಕೆಯ ವಿವಾದ ಇಲ್ಲಿ ಬೇರೊಂದು ರೂಪದಲ್ಲಿ ಮರಳಿ ಬಂದಿದೆ. ೨೦೧೯ರಿಂದ ‘ಮೋಲ್’ ಎಂಬ ಮಾನವನ್ನು ೬.೦೨೨೧೪೦೭೬ × ೧೦೨೩ (ಹತ್ತರ ಇಪ್ಪತ್ಮೂರನೆಯ ಘಾತ) ಕಣಗಳೆಂದು ನಿಶ್ಚಿತವಾಗಿ ವ್ಯಾಖ್ಯಾನಿಸಲಾಗಿದೆ. ಆಟಮ್ ಎಂಬ ಪದವನ್ನೇ ಬಳಸದ ಆವೊಗಾಡ್ರೊನ ಹೆಸರು ಆ ಸಂಖ್ಯೆಗೆ ಸಂದಿದೆ.

೭

ಈ ಹಿನ್ನೆಲೆಯಲ್ಲಿ ಭಾರತೀಯ ಭಾಷೆಗಳ ಕಡೆಗೆ ಬರೋಣ. ಪ್ರಫುಲ್ಲಚಂದ್ರ ರಾಯರ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಎರಡನೆಯ ಸಂಪುಟದಲ್ಲಿ (೧೯೦೯), ಹಾಗೂ ೧೯೧೫ರ ಸ್ವಂತ ಗ್ರಂಥದಲ್ಲಿ, ಬ್ರಜೇಂದ್ರನಾಥ ಸೀಲರು ಪ್ರಾಚೀನ ಭಾರತದ ಭೌತ-ರಾಸಾಯನಿಕ ವಿಚಾರಗಳನ್ನು ವಿದ್ವತ್ಪೂರ್ಣವಾಗಿ ನಿರೂಪಿಸಿದರು. ಇವರೇ ೧೯೨೦ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು. ವೈಶೇಷಿಕ, ಜೈನ ಪರಮಾಣುವಾದಗಳನ್ನು ವಿವರಿಸುವಾಗ ಅವರು ಆಟಮ್, ಮೊಲೆಕ್ಯೂಲ್ ಎಂಬ ಇಂಗ್ಲಿಷ್ ಪದಗಳನ್ನೇ ಬಳಸಿದರು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಅನಿವಾರ್ಯವಾಗಿತ್ತು. ಆದರೆ ಅದೇ ಸೇತುವೆಯ ಮೇಲೆ ವಿರುದ್ಧ ದಿಕ್ಕಿನಲ್ಲಿ ನಡೆದವರು, ಪರಮಾಣುವಿಗೆ ಆಟಮ್ ಎಂದು ಹೆಸರಾದ ಮೇಲೆ ಡಾಲ್ಟನ್ನನ ಆಟಮ್ ಕೂಡ ಕಣಾದನ ಪರಮಾಣುವೇ ಎಂದು ಭಾವಿಸುವುದು ಸುಲಭವಾಯಿತು. ಈ ಸಮೀಕರಣದಿಂದ ಎರಡೂ ಕಡೆ ನಷ್ಟ. ಗುಣವನ್ನು ಕುರಿತ ವೈಶೇಷಿಕರ ಸೂಕ್ಷ್ಮವಾದ ತರ್ಕ, ತೂಕವನ್ನು ಕುರಿತ ಡಾಲ್ಟನ್ನನ ಧೈರ್ಯ, ಎರಡೂ ಮರೆಯಾಗಿ, ಹೆಸರಿನ ಹೆಮ್ಮೆಯೊಂದೇ ಉಳಿಯುತ್ತದೆ.

ಆಧುನಿಕ ಭಾಷೆಗಳ ಆಯ್ಕೆಯನ್ನು ನೋಡಿದರೆ ವೈವಿಧ್ಯ ಎದ್ದು ಕಾಣುತ್ತದೆ. ಹಿಂದಿ, ಬಂಗಾಳಿ, ತೆಲುಗು ಪಠ್ಯಗಳಂತೆ ಕನ್ನಡದ ಪಠ್ಯಗಳಲ್ಲಿಯೂ ಆಟಮ್ ಪರಮಾಣು, ಮೊಲೆಕ್ಯೂಲ್ ಅಣು. ಮರಾಠಿಯಲ್ಲಿ ಆಟಮ್ ‘ಅಣು’, ಮೊಲೆಕ್ಯೂಲ್ ‘ರೇಣು’. ತ್ರಸರೇಣುವಿನ ನೆನಪುಳ್ಳವರಿಗೆ ರೇಣು ಎಂಬುದು ಅಪರಿಚಿತವಲ್ಲ. ತಮಿಳಿನಲ್ಲಿಯೂ ಆಟಮ್ ‘ಅಣು’, ಮೊಲೆಕ್ಯೂಲಿಗೆ ‘ಮೂಲಕ್ಕೂರು’. ಮಲಯಾಳವು ಆಟಮ್ ಅನ್ನು ಹಾಗೆಯೇ ಇಟ್ಟುಕೊಂಡು ಮೊಲೆಕ್ಯೂಲಿಗೆ ಸಾಂಖ್ಯರ ‘ತನ್ಮಾತ್ರೆ’ಯನ್ನು ಕರೆತಂದಿತು. ಇವುಗಳಲ್ಲಿ ಯಾವುದೂ ತಪ್ಪಲ್ಲ. ತನ್ನೊಳಗೆ ಗೆರೆಯನ್ನು ಕಾಪಾಡಿಕೊಂಡ ಮಟ್ಟಿಗೆ ಪ್ರತಿಯೊಂದೂ ಸರಿ.

ಕನ್ನಡದಲ್ಲಿ ಗೆರೆ ಮಾಸುವುದು ಎರಡು ಕಡೆ. ಮೊದಲನೆಯದು ಪತ್ರಿಕೆಗಳ ಭಾಷೆ. ೧೯೪೫ರ ಹಿರೋಷಿಮಾದ ಬಾಂಬು ಕನ್ನಡದ ಮಾತಿನಲ್ಲಿ ‘ಅಣುಬಾಂಬು’, ಕೈಗಾದಲ್ಲಿರುವುದು ‘ಅಣುಸ್ಥಾವರ’. ಪಠ್ಯದ ಅರ್ಥವನ್ನು ಹಿಡಿದು ನೋಡಿದರೆ ಅಲ್ಲಿ ಒಡೆಯುವುದು ಅಣುವಲ್ಲ, ಪರಮಾಣುವೂ ಅಲ್ಲ, ಪರಮಾಣುವಿನ ಬೀಜ. ಎಂಟನೆಯ ತರಗತಿಯಲ್ಲಿ ಪರಮಾಣುವೆಂದು ಕಲಿತ ಹುಡುಗ ಮನೆಗೆ ಬಂದು ಪತ್ರಿಕೆಯಲ್ಲಿ ಅಣುವೆಂದು ಓದುತ್ತಾನೆ.

ಎರಡನೆಯದು ಭಾಷಾಂತರದ ಮೇಜು. ಮುಂಬಯಿ, ಪುಣೆ, ಸೊಲ್ಲಾಪುರಗಳಲ್ಲಿ ಮರಾಠಿಯಿಂದ ಕನ್ನಡಕ್ಕೆ ವಿಜ್ಞಾನವನ್ನು ತರುವವರು ಇದನ್ನು ಬಲ್ಲರು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳವಾದ ಬಾಲಭಾರತಿಯು ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಪ್ರಕಟಿಸುತ್ತದೆ. ಎರಡು ಭಾಷೆಗಳ ಪರಿಭಾಷೆ ಒಂದೇ ಮೇಜಿನ ಮೇಲೆ ಕೂಡುವ ಸಂದರ್ಭಗಳು ಅಲ್ಲಿ ಸಹಜ. ಮರಾಠಿಯಲ್ಲಿ ಆಮ್ಲಜನಕದ ‘ಅಣುಭಾರ’ ೧೬. ಲಿಪಿಯನ್ನಷ್ಟೇ ಬದಲಿಸಿ ‘ಆಮ್ಲಜನಕದ ಅಣುಭಾರ ೧೬’ ಎಂದು ಕನ್ನಡದಲ್ಲಿ ಬರೆದರೆ, ಅಣುವಿನ ತೂಕ ೩೨ ಎಂದು ಕಲಿತ ಕನ್ನಡದ ಓದುಗನಿಗೆ ಲೆಕ್ಕ ಸರಿಯಾಗಿ ಅರ್ಧವಾಗುತ್ತದೆ. ಡ್ಯೂಮಾನನ್ನು ಕಾಡಿದ್ದೂ ಇದೇ ಬಗೆಯ ಅರ್ಧ-ಇಮ್ಮಡಿಗಳ ತೊಡಕು. ಕಾರ್ಲ್ಸ್‌ರೂಹದಲ್ಲಿ ಪರಿಹಾರವಾದ ಗೊಂದಲವು ಎರಡು ನೆರೆಭಾಷೆಗಳ ನಡುವೆ, ಒಂದೇ ಸಂಸ್ಕೃತ ಪದದ ಮೂಲಕ, ಮತ್ತೆ ತಲೆಯೆತ್ತುತ್ತದೆ. ಬೇರೆ ಪದವಾಗಿದ್ದರೆ ಭಾಷಾಂತರಕಾರ ನಿಂತು ಯೋಚಿಸುತ್ತಿದ್ದನು. ಪರಿಚಿತ ಪದವಾದುದರಿಂದಲೇ ಎಡವುತ್ತಾನೆ.

೮

ಮೇಲಿನ ಪರಿಶೀಲನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಅಣು ಮತ್ತು ಪರಮಾಣುಗಳ ಭೇದ ಗಾತ್ರದ ಭೇದವಲ್ಲ. ಹೀಲಿಯಂ ಅನಿಲದಲ್ಲಿ ಒಂಟಿ ಪರಮಾಣುವೇ ಸ್ವತಂತ್ರ ಕಣ. ಅಲ್ಲಿ ಅಣು, ಪರಮಾಣು ಎರಡೂ ಒಂದೇ. ಅದು ಎರಡು ಪ್ರಶ್ನೆಗಳ ಭೇದ: ಸ್ವತಂತ್ರವಾಗಿ ಇರುವ ಘಟಕ ಯಾವುದು, ಸಂಯೋಗದಲ್ಲಿ ಪಾಲ್ಗೊಳ್ಳುವ ಮೂಲವಸ್ತುವಿನ ಘಟಕ ಯಾವುದು. ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಲು ಉತ್ತಮ ತಕ್ಕಡಿಗಳನ್ನುಳ್ಳ ಯೂರೋಪಿಗೇ ೧೮೦೮ರಿಂದ ೧೮೬೦ರವರೆಗೆ ಐವತ್ತೆರಡು ವರ್ಷಗಳು ಹಿಡಿದವು. ಪದಗಳು ಹಳೆಯವಾದ ಮಾತ್ರಕ್ಕೆ ಆ ವಿವೇಕವೂ ಅವುಗಳೊಂದಿಗೆ ತಾನಾಗಿ ನಮಗೆ ಬಂದಿದೆ ಎಂದು ಭಾವಿಸುವಂತಿಲ್ಲ.

ಆದುದರಿಂದ ಶಾಸ್ತ್ರಗ್ರಂಥಗಳನ್ನು ಸಂಪಾದಿಸುವವರು ವೈಶೇಷಿಕ, ಜೈನ ಸಂದರ್ಭಗಳಲ್ಲಿ ಅಣು, ಪರಮಾಣು, ದ್ವ್ಯಣುಕ, ಸ್ಕಂಧಗಳನ್ನು ಆಯಾ ದರ್ಶನದ ಲಕ್ಷಣದೊಂದಿಗೆ ವಿವರಿಸಿ, ರಸಾಯನಶಾಸ್ತ್ರದ ಸಮಾನಪದವನ್ನು ಅವುಗಳ ಮೇಲೆ ಹೇರದಿರುವುದು ಒಳಿತು. ನಿಘಂಟುಕಾರರು ‘ಅಣು’ ಎಂಬ ಉಲ್ಲೇಖದಡಿಯಲ್ಲಿ ಪರಿಮಾಣ, ಜೈನ ಪರಮಾಣು, ರಸಾಯನಶಾಸ್ತ್ರದ ಅಣು, ‘ಅಣುಶಕ್ತಿ’ಯಂಥ ಲೋಕರೂಢಿ, ಈ ನಾಲ್ಕನ್ನೂ ಪ್ರತ್ಯೇಕವಾಗಿ ಕಾಣಿಸಬೇಕು. ‘ಅಣುಬಾಂಬು’ ಎಂಬ ರೂಢಿಯನ್ನು ಈಗ ಅಳಿಸಹೊರಡುವುದು ವ್ಯರ್ಥ. ಅದರಲ್ಲಿ ಉಳಿದಿರುವುದು ‘ಅತಿ ಸಣ್ಣದು’ ಎಂಬ ಹಳೆಯ ಅರ್ಥವೆಂದು ತಿಳಿಸಿದರೆ ಸಾಕು. ಮರಾಠಿ, ತಮಿಳುಗಳಿಂದ ಭಾಷಾಂತರಿಸುವವರು ಪದವನ್ನು ನೋಡುವ ಮೊದಲು ಅದರ ಪಕ್ಕದ ಸಂಖ್ಯೆಯನ್ನು ನೋಡಬೇಕು. ಆಮ್ಲಜನಕಕ್ಕೆ ೧೬ ಎಂದಿದ್ದರೆ ಕನ್ನಡದಲ್ಲಿ ಅದು ಪರಮಾಣು, ೩೨ ಎಂದಿದ್ದರೆ ಅಣು. ಪದ ಮೋಸಮಾಡಬಹುದು, ತೂಕ ಮೋಸಮಾಡದು.

ಮೊದಲಿನ ಪ್ರಶ್ನೆಗೆ ಮರಳುವುದಾದರೆ, ‘ನೀರಿನ ಪರಮಾಣು’ ಎಂದು ಬರೆದ ವಿದ್ಯಾರ್ಥಿಯ ಉತ್ತರವನ್ನು ಅಧ್ಯಾಪಕರು ತಪ್ಪೆಂದು ಗುರುತಿಸುವುದು ಸರಿ. ಆದರೆ ಆ ತಪ್ಪನ್ನು ಅವನಿಗಿಂತ ಮೊದಲು ಡಾಲ್ಟನ್ ಮಾಡಿದ್ದನೆಂದೂ, ಅದನ್ನು ತಿದ್ದಲು ಒಂದು ಖಂಡದ ವಿದ್ವಾಂಸರು ಮೂರು ದಿನ ಒಂದೆಡೆ ಕುಳಿತು ಪದಗಳ ಅರ್ಥವನ್ನು ಚರ್ಚಿಸಬೇಕಾಯಿತೆಂದೂ ಹೇಳಿದರೆ, ಆ ವಿದ್ಯಾರ್ಥಿಗೆ ಅಣುವೆಂದರೇನೆಂಬುದು ಬಹುಶಃ ಮರೆಯಲಾರದು.